ಬಾಟಲಿಯ ಬೆಲೆ ಮತ್ತು ಮೂರು ಬೋರ್ಡುಗಳು

ಶಾಲಾ ಮಾಸ್ತರರು ಬಿಯರಿನ ಬಗ್ಗೆ ಬರೆಯಲು ಕೂತರೆ ಪಾಲಕರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಇದು ಕುಡಿಯುವವರಿಗಾಗಿ ಬರೆದದ್ದಲ್ಲ. ಇತಿಹಾಸದ ಒಂದು ಪಾಠ, ಜೊತೆಗೆ ಸ್ವಲ್ಪ ಶೇಕಡಾ ಲೆಕ್ಕ ಎಂದುಕೊಂಡು ಓದಿರಿ.

ವಿಶ್ರಾಮಬಾಗ ಎಂದರೆ ಹಳೆಯ ತಲೆಮಾರಿನ ಕನ್ನಡಿಗರಿಗೆ ಮೊದಲು ನೆನಪಾಗುವುದು 1919ರಲ್ಲಿ ಶುರುವಾದ ವಿಲಿಂಗ್ಡನ್ ಕಾಲೇಜು. ರಂ. ಶ್ರೀ. ಮುಗಳಿಯವರು, ವಿ. ಕೃ. ಗೋಕಾಕರು ಪಾಠ ಹೇಳಿದ ಜಾಗ ಅದು. ಈಗ ಸಾಂಗಲಿ ಮತ್ತು ಮಿರಜ ಒಂದಕ್ಕೊಂದು ಕೂಡಿಕೊಂಡು ಒಂದೇ ಮಹಾನಗರಪಾಲಿಕೆಯಾಗಿವೆ. ನಮ್ಮ ಮಕ್ಕಳು ಮರಾಠಿ ಓದಲು ಕಲಿಯುವುದು ಅರ್ಧ ಪುಸ್ತಕದಿಂದ, ಅರ್ಧ ರಸ್ತೆಯ ಬೋರ್ಡುಗಳಿಂದ. ಆ ಬೋರ್ಡುಗಳಲ್ಲಿ ಮಹಾರಾಷ್ಟ್ರದ ಯಾವ ಊರಿಗೆ ಹೋದರೂ ತಪ್ಪದೆ ಸಿಗುವಂಥವು ಮೂರು: 'ದೇಶೀ ದಾರೂ', 'ಬಿಯರ್ ಶಾಪಿ', 'ಪರಮಿಟ್ ರೂಮ್'. ಕರ್ನಾಟಕದಿಂದ ಬಂದ ನೆಂಟರು ಮೂರನೆಯದನ್ನು ಓದಿ, ಇದೇನು ಪರಮಿಟ್ಟು ಎಂದು ಕೇಳುತ್ತಾರೆ. ಗಡಿಯ ಆಚೆ ಈ ಮಾತು ಬಳಕೆಯಲ್ಲಿಲ್ಲ. ಮೂರು ಬೋರ್ಡು, ಮೂರು ಬೆಲೆ, ಮೂರು ಥರದ ಗಿರಾಕಿ. ಈ ಮೂರನ್ನು ಬೇರೆ ಬೇರೆ ಮಾಡಿದ್ದು ನಾಲಿಗೆಯ ರುಚಿಯೋ ಅಥವಾ ಸರಕಾರದ ತೆರಿಗೆಯೋ ಎಂಬುದನ್ನು ನೋಡೋಣ.

ಮೊದಲು ಪರಮಿಟ್ಟಿನ ಕಥೆ. ಸಾಂಗಲಿ, ಮಿರಜ ಎರಡೂ ಪಟವರ್ಧನರ ಸಂಸ್ಥಾನಗಳು. 1948ರಲ್ಲಿ ಇವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮರುವರ್ಷ, 1949ರಲ್ಲಿ, ದಕ್ಷಿಣ ಸಾತಾರಾ ಎಂಬ ಜಿಲ್ಲೆಯಾಯಿತು. ಸಾಂಗಲಿ ಎಂಬ ಹೆಸರು ಜಿಲ್ಲೆಗೆ ಬಂದದ್ದು 1960ರಲ್ಲಿ. ಅದೇ 1949ರಲ್ಲಿ ಮುಂಬಯಿ ಪಾನನಿಷೇಧ ಕಾಯಿದೆಯೂ ಬಂತು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ಹಾಗಾಗಿ ನಮ್ಮ ಅಜ್ಜಂದಿರಿಗೆ ಕಾಗವಾಡದಲ್ಲೂ ಅದೇ ಕಾನೂನು, ಮಿರಜದಲ್ಲೂ ಅದೇ ಕಾನೂನು. 1956ರ ನವೆಂಬರ್ 1ರಂದು ಮನೆ ಪಾಲಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಆ ರಾಜ್ಯ ಅರವತ್ತರ ದಶಕ ಮುಗಿಯುವ ಮೊದಲೇ ಪಾನನಿಷೇಧವನ್ನು ಕೈಬಿಟ್ಟಿತು. ಮಹಾರಾಷ್ಟ್ರ ಮಾತ್ರ ಕಾಯಿದೆಯನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಕಿಟಕಿಗಳನ್ನು ಕೊರೆಯುತ್ತ ಬಂತು. ಪರವಾನಗಿ ಇದ್ದವರು ಕುಡಿಯಬಹುದು ಎಂಬುದು ಒಂದು ಕಿಟಕಿ. 1973ರ ದೇಶೀ ಮದ್ಯದ ನಿಯಮಗಳು ಇನ್ನೊಂದು. ಇವತ್ತಿಗೂ ಕಾನೂನಿನ ಪುಸ್ತಕದ ಪ್ರಕಾರ ಮಹಾರಾಷ್ಟ್ರದಲ್ಲಿ ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ಬೋರ್ಡಿನ ಮೇಲಿನ ಪರಮಿಟ್ ಎಂದರೆ ಅದೇ.

ಆದರೆ ಬೆಲೆಯ ಕಥೆ ಇದಕ್ಕಿಂತ ಹಳೆಯದು. ಅದಕ್ಕೆ 1878ರ ಮುಂಬಯಿ ಅಬಕಾರಿ ಕಾಯಿದೆಗೆ ಹೋಗಬೇಕು.

ಅಲ್ಲಿಯ ತನಕ ಬಡವರ ಪೇಯ ಎಂದರೆ ಶೇಂದಿ, ಇಲ್ಲವೇ ಹಿಪ್ಪೆ ಹೂವಿನಿಂದ ಊರಲ್ಲೇ ಇಳಿಸಿದ ಭಟ್ಟಿ. ಈ ಶೇಂದಿಯ ಸ್ವಭಾವವನ್ನು ಸ್ವಲ್ಪ ಗಮನಿಸಿರಿ. ನಶೆ ಕಡಿಮೆ, ತಾಜಾ ಇದ್ದಾಗಲೇ ಕುಡಿಯಬೇಕು, ಮರುದಿನಕ್ಕೆ ಹುಳಿ, ಮರ ಇದ್ದ ಊರಲ್ಲೇ ಮಾರಾಟ. ಇಂದು ಪುಣೆ-ಬೆಂಗಳೂರಿನಲ್ಲಿ 'ಕ್ರಾಫ್ಟ್ ಬಿಯರ್' ಎಂದು ಯಾವ ಗುಣಗಳನ್ನು ಹೊಗಳಿ ಮಾರುತ್ತಾರೋ ಅವೆಲ್ಲ ಶೇಂದಿಯಲ್ಲಿ ಇದ್ದವು. ಇಷ್ಟೇ ವ್ಯತ್ಯಾಸ: ಅದು ಅಗ್ಗ, ಇಳಿಸುವವನು ಬಡವ. ಅಬಕಾರಿ ಇಲಾಖೆಗೆ ಇದೇ ತಲೆನೋವು. ಸಾವಿರಾರು ಮರ, ಸಾವಿರಾರು ಗಡಿಗೆ. ಲೆಕ್ಕ ಇಡುವವರು ಯಾರು? ಅದಕ್ಕೆ ಭಟ್ಟಿಯನ್ನು ದೊಡ್ಡ ಕಾರಖಾನೆಗಳಿಗೆ ಸೀಮಿತಗೊಳಿಸಿದರು, ಶೇಂದಿ ಮರಗಳಿಗೆ ತೆರಿಗೆ ಏರಿಸಿದರು. ಶೇಂದಿಯ ಬೆಲೆ ಭಟ್ಟಿಯ ಬೆಲೆಯ ಹತ್ತಿರಕ್ಕೆ ಬಂದರೆ ಜನ ಯಾವುದನ್ನು ಆರಿಸುತ್ತಾರೆ? ಅದೇ ದುಡ್ಡಿಗೆ ಹೆಚ್ಚು ನಶೆ ಕೊಡುವುದನ್ನು. ಕೊಂಕಣದ ಭಂಡಾರಿ ಸಮಾಜದವರು ಈ ಮರತೆರಿಗೆಯ ವಿರುದ್ಧ 1880ರ ದಶಕದಲ್ಲಿ ಚಳವಳಿಯನ್ನೇ ಹೂಡಿದರು. 1892ರಲ್ಲಿ ಠಾಣೆ, ಕುಲಾಬಾ ಜಿಲ್ಲೆಗಳಲ್ಲಿ ಹಿಪ್ಪೆ ಹೂವು ಕೂಡಿಡುವುದರ ಮೇಲೂ ಕಾಯಿದೆ ಬಂತು. ಹೂವಿನ ಮೇಲೆ ಕಾಯಿದೆ! ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ಪುಣೆಯ ನಗರಸಭೆಯ ಸದಸ್ಯರಾಗಿದ್ದ ಜೋತಿಬಾ ಫುಲೆಯವರು 1880ರಲ್ಲೇ ಹೊಸ ಹೆಂಡದಂಗಡಿಗಳನ್ನು ವಿರೋಧಿಸಿ ನಗರಸಭೆಗೆ ಪತ್ರ ಬರೆದರು. ನಮ್ಮ ಪಠ್ಯಪುಸ್ತಕಗಳಲ್ಲಿ ಫುಲೆ ಎಂದರೆ ಹೆಣ್ಣುಮಕ್ಕಳ ಶಾಲೆ ಮಾತ್ರ. ಈ ಪತ್ರಕ್ಕೂ ಒಂದು ಸಾಲು ಸಿಕ್ಕಿದ್ದರೆ ಚೆನ್ನಾಗಿತ್ತು.

ಇನ್ನು ಲೆಕ್ಕ. ಕರಿಹಲಗೆಯ ಮೇಲೆ ಬರೆದುಕೊಳ್ಳಿರಿ. ಒಂದು ದೊಡ್ಡ ಬಿಯರ್ ಬಾಟಲಿಯಲ್ಲಿ 650 ಮಿಲಿ. ಶೇ. 5ರ ಸೌಮ್ಯ ಬಿಯರ್ ಆದರೆ ಅದರಲ್ಲಿ ಶುದ್ಧ ಮದ್ಯಸಾರ 32.5 ಮಿಲಿ. ಶೇ. 8ರ 'ಸ್ಟ್ರಾಂಗ್' ಆದರೆ 52 ಮಿಲಿ. ವಿಸ್ಕಿ, ರಮ್ಮುಗಳಲ್ಲಿ ಶೇ. 42.8, ಅದರ 180 ಮಿಲಿಯ ಕ್ವಾರ್ಟರಿನಲ್ಲಿ ಸುಮಾರು 77 ಮಿಲಿ. ಬಿಯರಿನ ಬೆಲೆ ಬ್ರ್ಯಾಂಡಿಗೊಂದು ಇರುತ್ತದೆ, ಲೆಕ್ಕಕ್ಕಾಗಿ ಬಾಟಲಿಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಸೌಮ್ಯ ಬಿಯರಿನಲ್ಲಿ ಒಂದು ಮಿಲಿ ಮದ್ಯಸಾರಕ್ಕೆ ಆರು ರೂಪಾಯಿಯ ಮೇಲೆ ಬೀಳುತ್ತದೆ, ಸ್ಟ್ರಾಂಗಿನಲ್ಲಿ ನಾಲ್ಕಕ್ಕಿಂತ ಕಡಿಮೆ. ಕ್ವಾರ್ಟರಿನ ಬೆಲೆ ಊಹಿಸಬೇಕಿಲ್ಲ: 2025ರ ಜೂನಿನಲ್ಲಿ ಮಹಾರಾಷ್ಟ್ರ ಸರಕಾರ ತೆರಿಗೆ ಏರಿಸಿದಾಗ ವಿಸ್ಕಿ-ರಮ್ಮಿನ 180 ಮಿಲಿಗೆ ಕನಿಷ್ಠ 205 ರೂಪಾಯಿ ಎಂದು ಗೊತ್ತುಮಾಡಿತು. ಅಂದರೆ ಮಿಲಿಗೆ ಎರಡೂ ಮುಕ್ಕಾಲು ರೂಪಾಯಿಯೂ ಆಗಲಿಲ್ಲ. ಕ್ರಾಫ್ಟ್ ಬಿಯರಿನ ಅರ್ಧ ಲೀಟರಿನ ಗ್ಲಾಸಿಗೆ 400 ಎಂದು ಹಿಡಿದರೆ, ಶೇ. 5ರ ಹಾಗೆ, ಮಿಲಿಗೆ ಹದಿನಾರು ರೂಪಾಯಿ!

ಭಾರತದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಸ್ಟ್ರಾಂಗ್ ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಕರಿಹಲಗೆಯ ಮೇಲೇ ಇದೆ. ಬಿಸಿಲ ನಾಡಿನಲ್ಲಿ ತಂಪಾದ ಹಗುರ ಪೇಯ ಬೇಕು ಎಂದು ನಾಲಿಗೆ ಹೇಳಿದರೂ ಜೇಬು ಬೇರೆ ಹೇಳುತ್ತದೆ. ಇದಕ್ಕೆ ಕಚ್ಚಾ ಮಾಲಿನ ಕಾರಣವೂ ಇದೆ. ಅಗ್ಗದ ಮದ್ಯಸಾರ ಬರುವುದು ಸಕ್ಕರೆ ಕಾರಖಾನೆಯ ಕಾಕಂಬಿಯಿಂದ. ನಮ್ಮ ಭಾಗದ ಮರಾಠಿಯಲ್ಲಿ ಅದಕ್ಕೆ 'ಮಳಿ' ಎನ್ನುತ್ತಾರೆ. ಕೃಷ್ಣಾ ತೀರದಲ್ಲಿ ಕಬ್ಬಿಗೆ ಬರವೇ? ಬಿಯರಿಗೆ ಬೇಕಾದ ಬಾರ್ಲಿ ಮಾತ್ರ ರಾಜಸ್ಥಾನ, ಹರಿಯಾಣದ ಕಡೆಯಿಂದ ಬರಬೇಕು. ಕ್ರಾಫ್ಟ್ ಬಿಯರಿನವರು ಮಾಲ್ಟನ್ನೂ ಹಾಪ್ ಹೂವನ್ನೂ ಯುರೋಪಿನಿಂದ ತರಿಸುವುದುಂಟು.

ಸರಕಾರಕ್ಕೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ. 2023ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರಕಾರ ಬಿಯರಿನ ಅಬಕಾರಿ ಸುಂಕದ ಅಧ್ಯಯನಕ್ಕಾಗಿಯೇ ಒಂದು ಸಮಿತಿ ನೇಮಿಸಿತು. ಮದ್ಯಸಾರದ ಪ್ರಮಾಣಕ್ಕೆ ಹೋಲಿಸಿದರೆ ಬಿಯರಿನ ಮೇಲಿನ ಸುಂಕ ವಿಸ್ಕಿ-ರಮ್ಮುಗಳಿಗಿಂತ ಭಾರವಾಗಿದೆ, ಬೆಲೆ ಏರಿದ್ದಕ್ಕೆ ಗಿರಾಕಿಗಳು ಬಿಯರಿನಿಂದ ದೂರ ಸರಿಯುತ್ತಿದ್ದಾರೆ, ಸುಂಕ ಏರಿಸಿದರೂ ಆದಾಯ ಬರುತ್ತಿಲ್ಲ ಎಂಬುದು ಅದರ ಹಿನ್ನೆಲೆ. ಕರ್ನಾಟಕದಲ್ಲೂ 2023ರಲ್ಲಿ ಬಿಯರಿನ ಹೆಚ್ಚುವರಿ ಸುಂಕ ಶೇ. 175ರಿಂದ 185ಕ್ಕೆ ಹೋಯಿತು, 2025ರಲ್ಲಿ ಮತ್ತೆ ಏರಿತು, ಆಮೇಲೆ ಮಾರಾಟ ಇಳಿದ ಸುದ್ದಿಯೂ ಬಂತು. ಬಿಯರ್ ಕುಡಿಯುವುದು ಇಳಿದರೆ ಒಳ್ಳೆಯದೇ ಅಲ್ಲವೇ ಎಂದು ಪಾಲಕರು ಕೇಳಬಹುದು. ಒಳ್ಳೆಯದೇ, ಆತ ಕ್ವಾರ್ಟರಿನ ಕಡೆ ತಿರುಗದಿದ್ದರೆ.

ಹೀಗೆ ತಿರುಗಿದ್ದಕ್ಕೆ ನಮ್ಮ ಕಡೆಯ ದೊಡ್ಡ ಉದಾಹರಣೆ 2007. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಪ್ಯಾಕೆಟ್ ಸಾರಾಯಿ ಹಾಳು ಮಾಡಿದ ಮನೆಗಳನ್ನು ಕಂಡವರು ಯಾರೂ ಅದಕ್ಕಾಗಿ ಅಳಲಿಲ್ಲ, ನಾವೂ ಅಳುವುದಿಲ್ಲ. ಆದರೆ ಕುಡಿಯುವ ಚಟ ಪ್ಯಾಕೆಟ್ಟಿನ ಜೊತೆ ಹೋಗಲಿಲ್ಲ. ಅದು ಅಗ್ಗದ ವಿಸ್ಕಿಗೆ ಏರಿತು, ದಿನಗೂಲಿಯಲ್ಲಿ ಅದರ ಪಾಲೂ ಏರಿತು. ಗಡಿಯ ಈಚೆ ದೇಶೀ ದಾರೂ ಅಂಗಡಿ ತೆರೆದೇ ಇತ್ತು. ಒಂದು ರಾಜ್ಯದ ಬಜೆಟ್ಟು ಇನ್ನೊಂದು ರಾಜ್ಯದ ಕೌಂಟರಿಗೆ ಗಿರಾಕಿಯನ್ನು ಕಳಿಸುವುದು ಹೀಗೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಲಂಡನ್ ನಗರದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಜಿನ್ ಎಂಬ ಪೇಯ ಬಿಯರಿಗಿಂತ ಅಗ್ಗವಾಗಿ ಬಡ ಬಸ್ತಿಗಳು ಮುಳುಗಿದವು. 1736ರ ಕಾಯಿದೆ ವಿಪರೀತ ಸುಂಕ ಹೇರಿತು, ಕಳ್ಳ ಮಾರಾಟ ಹೆಚ್ಚಿತು. 1751ರಲ್ಲಿ ಇನ್ನೊಂದು ಕಾಯಿದೆ ಮಾಡಿ ಹದಕ್ಕೆ ತರಬೇಕಾಯಿತು. ನಮ್ಮ ಕಾಲದಲ್ಲಿ ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. 2018ರ ಮೇ 1ರಿಂದ ಅಲ್ಲಿ ಯಾವ ಪೇಯವೇ ಆಗಲಿ, ಅದರಲ್ಲಿರುವ ಮದ್ಯಸಾರದ ಪ್ರತಿ ಯೂನಿಟ್ಟಿಗೆ ಕನಿಷ್ಠ 50 ಪೆನ್ಸ್ ಎಂದು ನಿಗದಿಯಾಯಿತು. 2024ರಲ್ಲಿ ಅದು 65 ಆಯಿತು. ಬಾಟಲಿಯ ಬೆಲೆಗಿಂತ ನಶೆಯ ಬೆಲೆ ಕಟ್ಟುವ ಕ್ರಮ ಇದು. ಕುಡಿತದಿಂದಲೇ ಆಗುವ ಸಾವುಗಳು ಶೇ. 13ರಷ್ಟು ಕಡಿಮೆಯಾದವೆಂದು 2023ರಲ್ಲಿ ಅಧ್ಯಯನವೊಂದು ಕಂಡುಕೊಂಡಿತು. ಮೇಲಿನ ನಮ್ಮ ಕರಿಹಲಗೆಯ ಲೆಕ್ಕವನ್ನೇ ಅವರು ಕಾಯಿದೆ ಮಾಡಿದರು ಎನ್ನಬಹುದು.

ಈಗ ಇದಕ್ಕೆ ಉಲ್ಟಾ ಆಗುವ ಕಡೆ ಹೋಗೋಣ. ಮಿಲಿಗೆ ಹದಿನಾರು ರೂಪಾಯಿ ಕೊಟ್ಟು ಕುಡಿಯುವವರೂ ಇದ್ದಾರಲ್ಲ! 2009ರಲ್ಲಿ ಪುಣೆಯಲ್ಲಿ 'ಡೂಲಾಲಿ' ಎಂಬ ಚಿಕ್ಕ ಬಿಯರ್ ಭಟ್ಟಿ ಆರಂಭವಾಯಿತು, ದೇಶದ ಮೊದಲ ಕೆಲವು ಮೈಕ್ರೋಬ್ರೂವರಿಗಳಲ್ಲಿ ಅದೂ ಒಂದು. ಮರುವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ 'ಟಾಯ್ಟ್' ಬಂತು, ಆಮೇಲೆ ಸಾಲುಸಾಲು. ಅಲ್ಲಿಗೆ ಹೋಗುವ ಸಾಫ್ಟ್‌ವೇರ್ ಹುಡುಗ ನಶೆಯ ದರ ಗುಣಿಸುತ್ತ ಕೂಡುವುದಿಲ್ಲ. ಗ್ಲಾಸಿನ ಜೊತೆ ಕುರ್ಚಿ, ಸಂಗೀತ, ಜೊತೆಯವರು, ಗೋಧಿಯ ಬಿಯರೋ ಮಾವಿನ ಬಿಯರೋ ಎಂಬ ಮಾತು, ಎಲ್ಲದಕ್ಕೂ ದುಡ್ಡು ಕೊಡುತ್ತಾನೆ. ಅವನಿಗೂ ಬೆಲೆ ಮುಟ್ಟುತ್ತದೆ, ಆದರೆ ಬೇರೆ ರೀತಿಯಲ್ಲಿ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಇಪ್ಪತ್ತು ಜನರಿಗೆ ವೈನ್ ರುಚಿ ತೋರಿಸಿದರು. 90 ಡಾಲರಿನ ವೈನನ್ನೇ ಒಮ್ಮೆ 90 ಎಂದೂ ಒಮ್ಮೆ 10 ಎಂದೂ ಹೇಳಿ ಕೊಟ್ಟರು. ವೈನ್ ಒಂದೇ, ಆದರೆ ಬೆಲೆ ಹೆಚ್ಚೆಂದು ಹೇಳಿದಾಗ ಅವರಿಗೆ ಹೆಚ್ಚು ರುಚಿಸಿತು, ಮೆದುಳಿನಲ್ಲಿ ಸಂತೋಷದ ಭಾಗವೂ ಹೆಚ್ಚು ಚುರುಕಾಯಿತು. ಬಡವ ಬೆಲೆ ನೋಡಿ ರುಚಿಯನ್ನು ಬಿಡುತ್ತಾನೆ, ಉಳ್ಳವನಿಗೆ ಬೆಲೆಯೇ ರುಚಿ ಕೊಡುತ್ತದೆ. ಸೀರೆ ಅಂಗಡಿಯಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ, ಸಂಶೋಧನೆಯೇ ಬೇಕಿರಲಿಲ್ಲ.

ನಮ್ಮ ಜಿಲ್ಲೆಯೂ ಈ ಉಳ್ಳವರ ಗ್ಲಾಸಿಗೆ ಕೈ ಚಾಚಿ ನೋಡಿತು. 2001ರಲ್ಲಿ ಮಹಾರಾಷ್ಟ್ರ ದ್ರಾಕ್ಷಿ ಸಂಸ್ಕರಣ ನೀತಿ ತಂದಾಗ ನಾಶಿಕದ ವಿಂಚೂರಿನಲ್ಲಿ ಒಂದು, ಸಾಂಗಲಿಯ ಪಲೂಸಿನಲ್ಲಿ ಒಂದು ವೈನ್ ಪಾರ್ಕ್ ಮಾಡಿದರು. ರಾಜ್ಯದ ದ್ರಾಕ್ಷಿಯಿಂದ ಮಾಡಿದ ವೈನಿಗೆ ಸುಂಕದ ವಿನಾಯಿತಿಯೂ ಸಿಕ್ಕಿತು. ನಾಶಿಕ ಹೆಸರು ಮಾಡಿತು, ಪಲೂಸಿನ ಹೆಸರು ಹಾಗೆ ಕೇಳಿಬರಲಿಲ್ಲ. ತಿನ್ನುವ ದ್ರಾಕ್ಷಿಯೇ ಬೇರೆ, ವೈನಿನ ದ್ರಾಕ್ಷಿಯೇ ಬೇರೆ. ತಾಸಗಾಂವದ ರೈತ ಒಣದ್ರಾಕ್ಷಿಯ ದರ ನೋಡಿ ಬಳ್ಳಿ ಹಚ್ಚುವವನು. 2016ರಲ್ಲಿ ಸಾಂಗಲಿಯ ಒಣದ್ರಾಕ್ಷಿಗೆ ಜಿಐ ಗುರುತು ಸಿಕ್ಕಿತು. ಆಯ್ಕೆಯಲ್ಲಿ ಬೆಲೆ ಬರೀ ಕುಡಿಯುವವನನ್ನಷ್ಟೇ ನಡೆಸುವುದಿಲ್ಲ, ಬೆಳೆಯುವವನನ್ನೂ ನಡೆಸುತ್ತದೆ.

ಹಾಗಾದರೆ ಎಲ್ಲಕ್ಕೂ ಬೆಲೆಯೇ ಕಾರಣವೇ? ಇಲ್ಲಿ ಅರ್ಥಶಾಸ್ತ್ರದ ಮಾಸ್ತರರ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. 1922-23ರಲ್ಲಿ ದಕ್ಷಿಣ ಗುಜರಾತಿನ ಆದಿವಾಸಿಗಳು ದೇವಿಯ ಅಪ್ಪಣೆಯಾಯಿತೆಂದು ಹಳ್ಳಿಹಳ್ಳಿಯಲ್ಲಿ ಕೂಡಿ ಶೇಂದಿ, ದಾರೂ ಎರಡನ್ನೂ ಬಿಟ್ಟರು. ಅಂದು ಬೆಲೆ ಏರಿದ್ದಕ್ಕೆ ಬಿಟ್ಟದ್ದಲ್ಲ. ಅಂಗಡಿಕಾರ ಪುಕ್ಕಟೆ ಕೊಟ್ಟರೂ ಬೇಡವೆನ್ನುವ ಪರಿಸ್ಥಿತಿ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತಲೇ, ಸಾರಾಯಿ ಅಂಗಡಿಗೆ ಎದುರು ನಿಂತರು. ಅಕ್ಷರ ಕಲಿಸುವ ಕೆಲಸದವರಾದ ನಮಗೆ ಇದು ಬಹಳ ಹತ್ತಿರದ ಸಂಗತಿ.

ಮಹಾರಾಷ್ಟ್ರದಲ್ಲಿ ಇದಕ್ಕೆ ಒಂದು ಮತದಾನವೇ ಇದೆ. ಊರಿನವರು ಅರ್ಜಿ ಕೊಟ್ಟರೆ ಅಂಗಡಿ ಬೇಕೋ ಬೇಡವೋ ಎಂದು ಮತ ಹಾಕಿಸುತ್ತಾರೆ. ಚೀಟಿಯ ಮೇಲೆ ಎರಡು ಚಿತ್ರ: ಒಂದು 'ಉಭಿ ಬಾಟಲಿ', ನೆಟ್ಟಗೆ ನಿಂತದ್ದು, ಅಂಗಡಿ ಇರಲಿ ಎಂದು. ಇನ್ನೊಂದು 'ಆಡವಿ ಬಾಟಲಿ', ಅಡ್ಡ ಬಿದ್ದದ್ದು, ಮುಚ್ಚಲಿ ಎಂದು. ಬಂದು ಮತ ಹಾಕಿದವರಲ್ಲಿ ಅರ್ಧ ಸಾಲದು. ಪಟ್ಟಿಯಲ್ಲಿ ಇರುವವರಲ್ಲೇ ಅರ್ಧಕ್ಕಿಂತ ಹೆಚ್ಚು ಬೇಕು. ಕಬ್ಬು ಕಡಿಯಲು ಗುಳೆ ಹೋದವರ ಹೆಸರೂ ಆ ಪಟ್ಟಿಯಲ್ಲಿ ಇರುತ್ತದೆ, ಅವರು ಬಾರದಿದ್ದರೆ ಬಾಟಲಿ ನಿಂತೇ ಇರುತ್ತದೆ. ಅದಕ್ಕೆ ಬಾಟಲಿ ಬೀಳಿಸಬೇಕೆಂದು ಹೊರಟ ಹೆಣ್ಣುಮಕ್ಕಳು ಮತದಾನದ ದಿನ ಗೊತ್ತಾದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಯಾರು ಯಾವ ಕಾರಖಾನೆಯ ಹತ್ತಿರ ಬಿಡಾರ ಹಾಕಿದ್ದಾರೆ ಎಂದು ಹುಡುಕಿ ಬಸ್ಸಿನ ಖರ್ಚು ಲೆಕ್ಕ ಹಾಕುವುದು.