ಗೋಪುರದ ಮೇಲೊಂದು ಕಾಲ, ಕೆಳಗೊಂದು ಕಾಲ

ಕೋಬಾಲ್ಟ್-57 ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ವೈದ್ಯಕೀಯ ಕಾಲೇಜಿನಲ್ಲಿ, ಶಿಲ್ಲಿಂಗ್ ಪರೀಕ್ಷೆಯ ಪಾಠದಲ್ಲಿ. ರೋಗಿಯ ಕರುಳು ಬಿ-12 ಜೀವಸತ್ವವನ್ನು ಹೀರಿಕೊಳ್ಳುತ್ತಿದೆಯೇ ಎಂದು ತಿಳಿಯಲು ಅದನ್ನು ಬಳಸುತ್ತಿದ್ದರು. ಅದೇ ಕೋಬಾಲ್ಟ್ ಕಾಲದ ನಡಿಗೆಯನ್ನು ಅಳೆಯಲೂ ಒದಗಿತ್ತೆಂದು ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಭೂಮಿಗೆ ಹತ್ತಿರವಿರುವ ಗಡಿಯಾರ ಎತ್ತರದಲ್ಲಿರುವುದಕ್ಕಿಂತ ನಿಧಾನವಾಗಿ ನಡೆಯಬೇಕೆಂಬ ವಿಚಾರವನ್ನು ಐನ್‌ಸ್ಟೈನ್ 1907ರಲ್ಲೇ ಮುಂದಿಟ್ಟಿದ್ದರು. ಆದರೆ ವ್ಯತ್ಯಾಸ ಅತಿ ಸಣ್ಣದು. 1958ರಲ್ಲಿ ಜರ್ಮನಿಯ ಮೋಸ್‌ಬಾವರ್, ಹರಳಿನೊಳಗಿನ ಪರಮಾಣು ಬೀಜಗಳು ಹಿಂದಕ್ಕೆ ಒದೆಯದೆ ಗಾಮಾ ಕಿರಣ ಹೊಮ್ಮಿಸಬಲ್ಲವೆಂದು ತೋರಿಸಿದ ಮೇಲೆ ದಾರಿ ತೆರೆಯಿತು. ಆ ಕಿರಣದ ಕಂಪನವೇ ಗಡಿಯಾರದ ಟಿಕ್ ಟಿಕ್.

ಹಾರ್ವರ್ಡ್‌ನ ಜೆಫರ್ಸನ್ ಪ್ರಯೋಗಾಲಯದ ಗೋಪುರದಲ್ಲಿ ರಾಬರ್ಟ್ ಪೌಂಡ್ ಮತ್ತು ಅವರ ವಿದ್ಯಾರ್ಥಿ ಗ್ಲೆನ್ ರೆಬ್ಕಾ 22.5 ಮೀಟರ್ ಅಂತರದಲ್ಲಿ ಈ ಪ್ರಯೋಗ ಹೂಡಿದರು. ಕಿರಣವನ್ನು ಗಾಳಿ ನುಂಗದಿರಲೆಂದು ನಡುವೆ ಹೀಲಿಯಂ ತುಂಬಿದ ಪ್ಲಾಸ್ಟಿಕ್ ಚೀಲ. ಅಷ್ಟು ಎತ್ತರಕ್ಕೆ ಗಡಿಯಾರಗಳ ನಡುವೆ ವರ್ಷಕ್ಕೆ ಬರುವ ಅಂತರ ಸುಮಾರು 77 ನ್ಯಾನೊಸೆಕೆಂಡು ಮಾತ್ರ!

ಇಲ್ಲಿ ಅಡ್ಡ ಬಂದದ್ದು ನಮ್ಮ ವೈದ್ಯರ ಹಳೆಯ ನಂಟ, ಉಷ್ಣಾಂಶ. ಕಬ್ಬಿಣದ ಬೀಜಗಳು ಬೆಚ್ಚಗಾದಷ್ಟೂ ಹೆಚ್ಚು ನಡುಗುತ್ತವೆ. ಆ ನಡುಕವೂ ಕಂಪನವನ್ನು ತಗ್ಗಿಸುತ್ತದೆ. ಮೇಲಿನ ಮತ್ತು ಕೆಳಗಿನ ತುದಿಗಳ ನಡುವೆ ಒಂದೇ ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೂ ಗುರುತ್ವದ ಪರಿಣಾಮದಷ್ಟೇ ದೊಡ್ಡ ತಪ್ಪು ನುಸುಳುತ್ತದೆ. ಬ್ರಿಟನ್ನಿನ ಹಾರ್ವೆಲ್ ತಂಡ ಇದನ್ನು ಲೆಕ್ಕಕ್ಕೆ ಹಿಡಿಯದೆ 1960ರ ಆರಂಭದಲ್ಲಿ, ಹಾರ್ವರ್ಡ್‌ಗಿಂತ ಮೊದಲೇ, ಫಲಿತಾಂಶ ಪ್ರಕಟಿಸಿಬಿಟ್ಟಿತ್ತು. ಕೊರತೆಯನ್ನು ಎತ್ತಿ ತೋರಿಸಿದವರು ಕೇಂಬ್ರಿಡ್ಜ್‌ನ ಇಪ್ಪತ್ತು ವರ್ಷದ ವಿದ್ಯಾರ್ಥಿ ಬ್ರಯಾನ್ ಜೋಸೆಫ್‌ಸನ್. ಪೌಂಡ್ ಮತ್ತು ರೆಬ್ಕಾ ಇದನ್ನು ತಾವೇ ಕಂಡುಕೊಂಡಿದ್ದರು. ಎರಡೂ ತುದಿಗಳ ಉಷ್ಣಾಂಶ ದಾಖಲಿಸಿ, ಕಿರಣವನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಕಳಿಸಿ, ಎರಡರ ವ್ಯತ್ಯಾಸ ತೆಗೆದರು. ಅವಸರಕ್ಕೆ ಬೀಳದ ಆ ತಾಳ್ಮೆಯನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಜ್ವರ ನೋಡದೆ ನಾಡಿ ಎಣಿಸಿ ರೋಗ ಹೇಳಿದವರನ್ನು ನಾನು ಕಂಡಿದ್ದೇನೆ, ಒಮ್ಮೊಮ್ಮೆ ಕನ್ನಡಿಯಲ್ಲೂ.

1960ರ ಏಪ್ರಿಲ್‌ನಲ್ಲಿ ಪ್ರಕಟವಾದ ಅವರ ಉತ್ತರ ಐನ್‌ಸ್ಟೈನ್ ಲೆಕ್ಕಕ್ಕೆ ಶೇ. 10ರೊಳಗೆ ಹೊಂದಿತು. ನಮ್ಮ ಕಾರುಗಳಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳಲ್ಲಿ ಗುರುತ್ವದಿಂದ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೋಡುವ ಗಡಿಯಾರ, ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಉಳಿದ 38ನ್ನು ಸರಿಪಡಿಸಲೇಬೇಕು. ಪೌಂಡ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಜೋಸೆಫ್ ಸ್ನೈಡರ್ ಜೊತೆ ಅದೇ ಗೋಪುರಕ್ಕೆ ಮರಳಿ, ಉಷ್ಣಾಂಶವನ್ನು ಇನ್ನೂ ಬಿಗಿಯಾಗಿ ಹಿಡಿದಿಟ್ಟು, 1960ರ ದಶಕದ ನಡುವಿನಲ್ಲಿ ತಪ್ಪಿನ ಮಿತಿಯನ್ನು ಶೇ. 1ಕ್ಕೆ ಇಳಿಸಿದರು.