ಗಣಕಯಂತ್ರದ ಆರಂಭಕಾಲದ ಸೇವೆಗಳು: ನಿರ್ಣಯಾಧಿಕಾರವೊಂದರ ಇತಿಹಾಸ

೧

ಸರ್ವರ್ ಎಂದು ಕರೆಯಲ್ಪಡುವ ಗಣಕಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟ ಕ್ಷಣಕ್ಕೂ, ಮೊದಲನೆಯ ಬಳಕೆದಾರನು ಅದರೊಳಕ್ಕೆ ಪ್ರವೇಶಿಸುವ ಕ್ಷಣಕ್ಕೂ ನಡುವೆ ಒಂದು ಅಲ್ಪಾವಧಿಯುಂಟು. ಈ ಅವಧಿಯಲ್ಲಿ, ಯಾರೂ ಎದುರಿಗೆ ಕುಳಿತು ಆಜ್ಞೆ ಮಾಡದಿದ್ದರೂ, ಹತ್ತಾರು ಪ್ರೋಗ್ರಾಮುಗಳು ತಾವಾಗಿಯೇ ಎಚ್ಚೆತ್ತು ತಮ್ಮ ತಮ್ಮ ಕಾರ್ಯಗಳಲ್ಲಿ ತೊಡಗುತ್ತವೆ. ಒಂದು ಅಂಚೆಯನ್ನು ರವಾನಿಸುತ್ತದೆ. ಇನ್ನೊಂದು ಗಡಿಯಾರವನ್ನು ಸರಿಪಡಿಸುತ್ತದೆ. ಮತ್ತೊಂದು ದೂರದಿಂದ ಬರುವವರಿಗೆ ಬಾಗಿಲು ತೆರೆಯಲು ಕಾದಿರುತ್ತದೆ. ಇಂತಹ ಹಿನ್ನೆಲೆಯ ಸೇವೆಗಳಿಗೆ ಯೂನಿಕ್ಸ್ ಪರಂಪರೆಯಲ್ಲಿ ‘ಡೀಮನ್’ ಎಂಬ ಹೆಸರಿದೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ, ಎಡೆಬಿಡದೆ ಅಣುಗಳನ್ನು ವಿಂಗಡಿಸುತ್ತಿರುವ ಅದೃಶ್ಯ ವ್ಯಕ್ತಿಯಿಂದ ೧೯೬೦ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಈ ಹೆಸರನ್ನು ಪಡೆದುಕೊಂಡರು.

ಈ ಸೇವೆಗಳಲ್ಲಿ ಯಾವುವು ಏಳಬೇಕು, ಯಾವುವು ಮಲಗಿರಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ತಾಂತ್ರಿಕವಾಗಿ ಕಾಣುತ್ತದೆ. ಆದರೆ ಕಳೆದ ಅರ್ಧ ಶತಮಾನದ ಇತಿಹಾಸವನ್ನು ಅವಲೋಕಿಸಿದರೆ, ಈ ನಿರ್ಣಯಾಧಿಕಾರವು ಯಂತ್ರಪಾಲಕನ ಕೈಯಿಂದ ತಯಾರಕನ ಕೈಗೆ ಸದ್ದಿಲ್ಲದೆ ಜಾರಿತೆಂಬುದೂ, ಅದನ್ನು ಮರಳಿ ಪಡೆಯುವ ಪ್ರಯತ್ನವು ಬಹು ದುಬಾರಿಯಾದ ಪಾಠಗಳ ಅನಂತರವೇ ನಡೆಯಿತೆಂಬುದೂ ವ್ಯಕ್ತವಾಗುತ್ತದೆ. ಇದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

೨

ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಇವರಿಂದ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯಲ್ಲಿ, ಕರ್ನಲ್ ಎಂಬ ತಿರುಳು ತಾನು ಎದ್ದ ಕೂಡಲೆ ‘ಇನಿಟ್’ ಎಂಬ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಇದರ ಕ್ರಮಾಂಕ ೧. ಉಳಿದ ಸಕಲ ಪ್ರೋಗ್ರಾಮುಗಳೂ ಇದರ ಸಂತಾನವೇ. ೧೯೭೯ರ ಏಳನೆಯ ಆವೃತ್ತಿಯಲ್ಲಿ ಇನಿಟ್ ಮಾಡುತ್ತಿದ್ದ ಕೆಲಸ ಅತ್ಯಲ್ಪ. ‘ಆರ್‌ಸಿ’ ಎಂಬ ಒಂದೇ ಒಂದು ಕಡತವನ್ನು ಮೇಲಿನಿಂದ ಕೆಳಗೆ ಓದಿ, ಅದರಲ್ಲಿ ಬರೆದಿದ್ದ ಆಜ್ಞೆಗಳನ್ನು ನಡೆಯಿಸಿ, ಬಳಿಕ ಪ್ರತಿ ಟರ್ಮಿನಲ್ಲಿನ ಮುಂದೆಯೂ ಪ್ರವೇಶದ ಸೂಚನೆಯನ್ನು ನಿಲ್ಲಿಸುವುದು, ಅಷ್ಟೆ. ಆ ಕಡತದಲ್ಲಿ ಸ್ಥಾನ ಪಡೆದಿದ್ದ ಡೀಮನ್‌ಗಳಲ್ಲಿ ಮುಖ್ಯವಾದವು ಎರಡು: ೩೦ ಸೆಕೆಂಡುಗಳಿಗೊಮ್ಮೆ ಸ್ಮೃತಿಯಲ್ಲಿದ್ದುದನ್ನು ಡಿಸ್ಕಿಗೆ ಇಳಿಸುವ ‘ಅಪ್‌ಡೇಟ್’, ನಿಗದಿಯಾದ ಹೊತ್ತಿಗೆ ನಿಗದಿಯಾದ ಕೆಲಸವನ್ನು ಮಾಡಿಸುವ ‘ಕ್ರಾನ್’.

ಈ ಪದ್ಧತಿಯಲ್ಲಿ ಒಂದು ಗುಣವಿತ್ತು. ಯಂತ್ರವು ತಾನಾಗಿ ಏನೇನು ಮಾಡುತ್ತದೆಂಬುದನ್ನು ತಿಳಿಯಲು ಒಂದು ಪುಟವನ್ನು ಓದಿದರೆ ಸಾಕಾಗಿತ್ತು. ಆ ಪುಟವನ್ನು ತಿದ್ದುತ್ತಿದ್ದವನು ಯಂತ್ರದ ಪಾಲಕನೇ ಆಗಿದ್ದನಾದ್ದರಿಂದ, ಅಲ್ಲಿ ಬರೆದುದಕ್ಕೆ ಉತ್ತರವಾದಿಯೂ ಅವನೇ ಆಗಿದ್ದನು.

೩

೧೯೮೦ರ ದಶಕದಲ್ಲಿ ಯಂತ್ರಗಳು ಜಾಲಕ್ಕೆ ಸೇರಿದಂತೆಲ್ಲ ಸೇವೆಗಳ ಸಂಖ್ಯೆ ಬೆಳೆಯಿತು; ಒಂದು ಪುಟದಲ್ಲಿ ಅವು ಹಿಡಿಸದಾದವು. ಬರ್ಕ್ಲಿಯವರು ೧೯೮೬ರ ೪.೩ ಬಿಎಸ್‌ಡಿ ಆವೃತ್ತಿಯಲ್ಲಿ ‘ಇನೆಟ್‌ಡಿ’ ಎಂಬ ದ್ವಾರಪಾಲಕನನ್ನು ನೇಮಿಸಿದರು. ಅದು ಅನೇಕ ಬಾಗಿಲುಗಳಲ್ಲಿ ತಾನೊಂದೇ ಕಿವಿಗೊಟ್ಟು ಕುಳಿತು, ಕರೆ ಬಂದಾಗ ಮಾತ್ರ ಸಂಬಂಧಪಟ್ಟ ಸೇವೆಯನ್ನು ಎಬ್ಬಿಸುತ್ತಿತ್ತು.

ಎ.ಟಿ. ಅಂಡ್ ಟಿ. ಸಂಸ್ಥೆಯ ಸಿಸ್ಟಮ್ ಫೈವ್ ಶಾಖೆಯವರು ಬೇರೆಯ ಮಾರ್ಗವನ್ನು ಹಿಡಿದರು. ಯಂತ್ರದ ಸ್ಥಿತಿಗಳನ್ನು ‘ರನ್‌ಲೆವೆಲ್’ ಎಂಬ ಅಂಕಗಳಿಂದ ಗುರುತಿಸಿದರು: ೦ ಎಂದರೆ ನಿಲುಗಡೆ, ೧ ಎಂದರೆ ಪಾಲಕನೊಬ್ಬನಿಗೇ ಮೀಸಲಾದ ದುರಸ್ತಿಯ ಸ್ಥಿತಿ, ೬ ಎಂದರೆ ಪುನರಾರಂಭ. ಪ್ರತಿಯೊಂದು ಸ್ಥಿತಿಗೂ ಒಂದು ಡೈರೆಕ್ಟರಿ. ಅದರಲ್ಲಿ ಪ್ರತಿಯೊಂದು ಸೇವೆಗೂ ಒಂದು ಕೊಂಡಿ. ಕೊಂಡಿಯ ಹೆಸರು ‘ಎಸ್’ ಅಕ್ಷರದಿಂದ ಮೊದಲಾದರೆ ಸೇವೆಯನ್ನು ಎಬ್ಬಿಸಬೇಕು, ‘ಕೆ’ ಅಕ್ಷರದಿಂದ ಮೊದಲಾದರೆ ನಿಲ್ಲಿಸಬೇಕು. ಅಕ್ಷರದ ಮುಂದಿನ ಎರಡು ಅಂಕಗಳು ಸರದಿಯನ್ನು ಸೂಚಿಸುತ್ತಿದ್ದುವು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಜಾಲಸಂಪರ್ಕಕ್ಕೆ ೧೦, ಅಂಚೆಯ ‘ಸೆಂಡ್‌ಮೇಲ್’ ಸೇವೆಗೆ ೮೦ ಎಂಬ ಅಂಕಗಳಿದ್ದುವು. ಜಾಲವಿಲ್ಲದೆ ಅಂಚೆಯಿಲ್ಲವಷ್ಟೆ!

ಕೊಂಡಿಗಳನ್ನು ಕೈಯಿಂದ ಕಟ್ಟುವ ಕಷ್ಟವನ್ನು ತಪ್ಪಿಸಲು ‘ಚೆಕ್‌ಕಾನ್‌ಫಿಗ್’ ಎಂಬ ಸಾಧನ ಬಂದಿತು. ಇದು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಐರಿಕ್ಸ್ ವ್ಯವಸ್ಥೆಯಲ್ಲಿ ಮೊದಲು ಬಳಕೆಯಲ್ಲಿದ್ದು, ಅನಂತರ ರೆಡ್ ಹ್ಯಾಟ್‌ನವರಿಂದ ಲಿನಕ್ಸಿಗೆ ಹೊಸದಾಗಿ ರಚಿತವಾಯಿತು. ಸೇವೆಯು ಯಾವ ಯಾವ ಸ್ಥಿತಿಗಳಲ್ಲಿ ಏಳಬೇಕೆಂಬುದನ್ನು ಅದರ ಲಿಪಿಯ ತಲೆಯಲ್ಲೇ ಒಂದು ಸಾಲಿನಲ್ಲಿ ಬರೆದಿಡುತ್ತಿದ್ದರು. ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಆ ಸಾಲನ್ನು ಬರೆಯುತ್ತಿದ್ದವನು ಯಂತ್ರದ ಪಾಲಕನಲ್ಲ, ಪ್ಯಾಕೇಜನ್ನು ಸಿದ್ಧಪಡಿಸಿದ ದೂರದ ವ್ಯಕ್ತಿ. ನಿರ್ಣಯವನ್ನು ಬದಲಾಯಿಸುವ ಹಕ್ಕು ಪಾಲಕನಿಗೆ ಇದ್ದೇ ಇತ್ತು. ಆದರೆ ಮೊದಲನೆಯ ನಿರ್ಣಯ ಅವನದಾಗಿ ಉಳಿಯಲಿಲ್ಲ.

೪

ಕೇಳದೆಯೇ ಎದ್ದ ಸೇವೆಗೆ ತೆರಬೇಕಾದ ಬೆಲೆ ಎಷ್ಟೆಂಬುದು ೧೯೮೮ರ ನವೆಂಬರ್ ೨ರಂದು ತಿಳಿದುಬಂದಿತು. ಅಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಬಿಡುಗಡೆ ಮಾಡಿದ ‘ವರ್ಮ್’ ಎಂಬ ತಾನೇ ಹರಡುವ ಪ್ರೋಗ್ರಾಮು ಸೆಂಡ್‌ಮೇಲ್ ಮತ್ತು ‘ಫಿಂಗರ್’ ಸೇವೆಗಳಲ್ಲಿದ್ದ ದೋಷಗಳ ಮೂಲಕ ವ್ಯಾಕ್ಸ್ ಮತ್ತು ಸನ್ ಯಂತ್ರಗಳನ್ನು ಹೊಕ್ಕಿತು. ಆ ಕಾಲದ ಅಂದಾಜಿನಂತೆ ಸುಮಾರು ೬,೦೦೦ ಯಂತ್ರಗಳು ಪೀಡಿತವಾದವು. ಫಿಂಗರ್ ಎಂಬುದು ಬಳಕೆದಾರರ ಹೆಸರು ಮೊದಲಾದ ವಿವರಗಳನ್ನು ಕೇಳಿದವರಿಗೆ ತಿಳಿಸುವ ಒಂದು ಸಣ್ಣ ಸೌಕರ್ಯ ಮಾತ್ರ.

ಪಾಠವು ಬೇಗನೆ ಮನದಟ್ಟಾಗಲಿಲ್ಲ. ೨೦೦೧ರ ಜನವರಿಯಲ್ಲಿ ‘ರಾಮೆನ್’ ವರ್ಮ್ ರೆಡ್ ಹ್ಯಾಟ್ ಲಿನಕ್ಸ್ ಯಂತ್ರಗಳ ಕಡತ ರವಾನೆ, ಮುದ್ರಣ ಮುಂತಾದ ಸೇವೆಗಳ ಮೂಲಕ ಹರಡಿತು. ಅದೇ ವರ್ಷದ ಜುಲೈ ೧೯ರಂದು ‘ಕೋಡ್ ರೆಡ್’ ಎಂಬುದು ಮೈಕ್ರೊಸಾಫ್ಟ್ ಸಂಸ್ಥೆಯ ವೆಬ್ ಸೇವೆಯ ದೋಷವನ್ನು ಹಿಡಿದು, ೧೪ ಗಂಟೆಗಳೊಳಗೆ ೩,೫೯,೦೦೦ಕ್ಕೂ ಹೆಚ್ಚು ಯಂತ್ರಗಳಿಗೆ ಹಬ್ಬಿತು. ವಿಂಡೋಸ್ ೨೦೦೦ ಸರ್ವರಿನಲ್ಲಿ ಈ ವೆಬ್ ಸೇವೆ ತಾನಾಗಿಯೇ ಸ್ಥಾಪಿತವಾಗುತ್ತಿತ್ತಾದ್ದರಿಂದ, ತಮ್ಮ ಯಂತ್ರದಲ್ಲಿ ಅದು ನಡೆಯುತ್ತಿದೆಯೆಂಬ ಅರಿವೇ ಅನೇಕ ಪಾಲಕರಿಗೆ ಇರಲಿಲ್ಲ. ದೋಷವು ಸೇವೆಯದು, ನಿಜ. ಆದರೆ ಅನರ್ಥದ ವಿಸ್ತಾರಕ್ಕೆ ಕಾರಣವಾದುದು ‘ಸಹಜಸ್ಥಿತಿ’ಯೆಂದು ತಯಾರಕರು ಮಾಡಿದ್ದ ಆಯ್ಕೆ.

ಇದಕ್ಕೆ ವಿರುದ್ಧವಾದ ನೀತಿಯನ್ನು ೧೯೯೫ರಲ್ಲಿ ಥಿಯೋ ಡಿ ರಾಟ್ ಆರಂಭಿಸಿದ ಓಪನ್‌ಬಿಎಸ್‌ಡಿ ಯೋಜನೆಯು ಅನುಸರಿಸಿತು: ಅತ್ಯಾವಶ್ಯಕವಲ್ಲದ ಸೇವೆಗಳೆಲ್ಲ ಮುಚ್ಚಿರಲಿ, ಬೇಕಾದವನು ತಿಳಿದು ತೆರೆಯಲಿ. ದೊಡ್ಡ ಸಂಸ್ಥೆಗಳೂ ಕ್ರಮೇಣ ಇದೇ ಮಾರ್ಗಕ್ಕೆ ಬಂದವು. ೨೦೦೩ರ ವಿಂಡೋಸ್ ಸರ್ವರಿನಲ್ಲಿ ವೆಬ್ ಸೇವೆಯು ಕೇಳಿದರೆ ಮಾತ್ರ ಸ್ಥಾಪಿತವಾಗತೊಡಗಿತು.

೫

ಯಾವುದು ಏಳಬೇಕೆಂಬ ಪ್ರಶ್ನೆಯ ಜೊತೆಗೆ, ಯಾವುದರ ಅನಂತರ ಯಾವುದು ಎಂಬ ಪ್ರಶ್ನೆಯೂ ಪಕ್ವವಾಗುತ್ತಿತ್ತು. ಎರಡಂಕಿಯ ಪದ್ಧತಿಯು ಸರದಿಯನ್ನು ಹೇಳುತ್ತಿತ್ತೇ ವಿನಾ ಸರದಿಯ ಕಾರಣವನ್ನು ಹೇಳುತ್ತಿರಲಿಲ್ಲ. ಸೇವೆಗಳು ಒಂದಾದ ಮೇಲೊಂದರಂತೆ ಏಳುತ್ತಿದ್ದುದರಿಂದ, ಒಂದು ತಡೆದು ನಿಂತರೆ ಹಿಂದಿನವೆಲ್ಲ ಕಾಯಬೇಕಾಗಿತ್ತು. ಎದ್ದ ಸೇವೆಯು ಬಳಿಕ ಸತ್ತುಬಿದ್ದರೆ ಅದನ್ನು ವಿಚಾರಿಸುವವರೂ ಸಾಮಾನ್ಯವಾಗಿ ಇರಲಿಲ್ಲ.

೨೦೦೦ದ ಡಿಸೆಂಬರಿನಲ್ಲಿ ಹೊರಬಂದ ನೆಟ್‌ಬಿಎಸ್‌ಡಿ ೧.೫ರಲ್ಲಿ ಪ್ರತಿ ಲಿಪಿಯೂ ತಾನು ಏನನ್ನು ಒದಗಿಸುತ್ತೇನೆ, ತನಗೆ ಏನು ಬೇಕು ಎಂಬುದನ್ನು ಸಾರುತ್ತಿತ್ತು. ಸರದಿಯನ್ನು ಯಂತ್ರವೇ ಲೆಕ್ಕಹಾಕುತ್ತಿತ್ತು. ೨೦೦೫ರಲ್ಲಿ ಸನ್ ಸಂಸ್ಥೆಯ ಸೊಲಾರಿಸ್ ೧೦ ತನ್ನ ‘ಎಸ್‌ಎಂಎಫ್’ ವ್ಯವಸ್ಥೆಯಿಂದ ಸತ್ತ ಸೇವೆಯನ್ನು ಮತ್ತೆ ಎಬ್ಬಿಸುವ ಹೊಣೆಯನ್ನೂ ಹೊತ್ತಿತು. ಅದೇ ವರ್ಷ ಆಪಲ್ ಸಂಸ್ಥೆಯು ‘ಲಾಂಚ್‌ಡಿ’ಯನ್ನೂ, ೨೦೦೬ರಲ್ಲಿ ಉಬುಂಟು ‘ಅಪ್‌ಸ್ಟಾರ್ಟ್’ ಎಂಬುದನ್ನೂ ಹೊರತಂದವು. ೨೦೧೦ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಇವರ ‘ಸಿಸ್ಟಮ್‌ಡಿ’ ಪ್ರಕಟವಾಗಿ, ೨೦೧೧ರಲ್ಲಿ ಫೆಡೋರಾ ೧೫ರ ಮೂಲಕ ಬಳಕೆಗೆ ಬಂದಿತು. ಬಾಗಿಲುಗಳನ್ನು ಮೊದಲು ತಾನೇ ತೆರೆದು, ಬಂದ ಕರೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಸೇವೆಗಳನ್ನು ಏಕಕಾಲದಲ್ಲಿ ಎಬ್ಬಿಸುವುದು ಇದರ ಒಂದು ಮುಖ್ಯ ತಂತ್ರ. ಇನೆಟ್‌ಡಿಯ ಹಳೆಯ ಉಪಾಯವು ಇಲ್ಲಿ ಹೊಸ ವೇಷದಲ್ಲಿ ಕಾಣಿಸುತ್ತದೆ. ಅಷ್ಟೇ ಅಲ್ಲ, ಸೇವೆಯೊಂದನ್ನು ಸಕ್ರಿಯಗೊಳಿಸಿದಾಗ ಇಂದಿಗೂ ಒಂದು ಡೈರೆಕ್ಟರಿಯಲ್ಲಿ ಕಟ್ಟಲ್ಪಡುವುದು ಕೊಂಡಿಯೇ. ಅದರ ಮೇಲಿನ ಎರಡು ಅಂಕಗಳು ಮಾತ್ರ ಅಳಿಸಿಹೋಗಿವೆ.

ಈ ಬದಲಾವಣೆ ವಿವಾದವಿಲ್ಲದೆ ನಡೆಯಲಿಲ್ಲ. ಡೆಬಿಯನ್ ಯೋಜನೆಯ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮನಾಗಿ ಒಡೆದು, ೨೦೧೪ರ ಫೆಬ್ರವರಿಯಲ್ಲಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಅಂಗೀಕೃತವಾಯಿತು. ಒಪ್ಪದವರು ಬೇರೆಯಾಗಿ ‘ಡೆವುವಾನ್’ ಎಂಬುದನ್ನು ಕಟ್ಟಿ, ೨೦೧೭ರಲ್ಲಿ ಅದರ ಮೊದಲನೆಯ ಸ್ಥಿರ ಆವೃತ್ತಿಯನ್ನು ಹೊರತಂದರು. ಒಂದೇ ಪ್ರೋಗ್ರಾಮಿನ ಸುತ್ತ ಇಷ್ಟೊಂದು ಹೊಣೆಗಳು ಕೂಡಿಕೊಳ್ಳಬಾರದೆಂಬುದು ಅವರ ವಾದ. ಚದುರಿದ ಲಿಪಿಗಳಿಗಿಂತ ಒಂದೇ ಕಡೆ ವಿಚಾರಿಸಬಹುದಾದ ವ್ಯವಸ್ಥೆಯು ಪಾಲಕನಿಗೆ ಹಿತವೆಂಬುದು ಇತರರ ವಾದ. ಎರಡರಲ್ಲಿಯೂ ಸತ್ಯಾಂಶವಿದೆಯೆಂಬುದು ನಮ್ಮ ಅಭಿಪ್ರಾಯ.

೬

ಸಾಧನಗಳು ಸುಧಾರಿಸಿದರೂ ಮೂಲಪ್ರಶ್ನೆಯು ತೀರಿಲ್ಲ. ಡೆಬಿಯನ್‌ನಲ್ಲಿ ಸೇವೆಯ ಪ್ಯಾಕೇಜನ್ನು ಸ್ಥಾಪಿಸಿದರೆ ಸಾಮಾನ್ಯವಾಗಿ ಸೇವೆಯು ಆಗಲೇ ಏಳುತ್ತದೆ. ಫೆಡೋರಾದಲ್ಲಿ ಪಾಲಕನು ಹೇಳುವವರೆಗೆ ಬಹುತೇಕ ಮಲಗಿರುತ್ತದೆ. ನಡೆಯುತ್ತಿರುವ ಸೇವೆಯನ್ನು ಇಂದು ನಿಲ್ಲಿಸುವುದು ಬೇರೆ, ಮುಂದಿನ ಆರಂಭದಲ್ಲಿ ಅದು ಏಳದಂತೆ ಮಾಡುವುದು ಬೇರೆ, ಮತ್ತೊಂದು ಸೇವೆಯು ಕರೆದರೂ ಏಳದಂತೆ ಪ್ರತಿಬಂಧಿಸುವುದು ಇನ್ನೂ ಬೇರೆ. ಈ ಮೂರನ್ನೂ ವಿದ್ಯಾರ್ಥಿಗಳು ಒಂದೇ ಎಂದು ಭಾವಿಸದಂತೆ ಅಧ್ಯಾಪಕರು ಎಚ್ಚರಿಸುವುದು ಉಚಿತ.

೨೦೨೪ರ ಮಾರ್ಚ್ ೨೯ರಂದು ಬಯಲಾದ ಸಂಗತಿಯು ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿತು. ‘ಎಕ್ಸ್‌ಜೆಡ್’ ಎಂಬ ಸಂಕೋಚನ ಸಾಧನದ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಯಾರೋ ಗುಪ್ತದ್ವಾರವೊಂದನ್ನು ಇಟ್ಟಿದ್ದರು. ದೂರಪ್ರವೇಶದ ಸೇವೆಗೂ ಈ ಸಾಧನಕ್ಕೂ ನೇರ ಸಂಬಂಧವಿರಲಿಲ್ಲ. ಆದರೆ ‘ನಾನು ಎದ್ದಿದ್ದೇನೆ’ ಎಂದು ಸಿಸ್ಟಮ್‌ಡಿಗೆ ವರದಿ ಮಾಡಲೆಂದು ಕೆಲವು ವಿತರಣೆಯವರು ಆ ಸೇವೆಗೆ ಸೇರಿಸಿದ್ದ ಗ್ರಂಥಾಲಯದ ಬೆನ್ನಿಗೆ ಈ ಸಾಧನವೂ ಒಳಹೊಕ್ಕಿತ್ತು. ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಗಮನಿಸಿ ಹಿಂಬಾಲಿಸಿದುದರಿಂದ ಅನರ್ಥವು ತಪ್ಪಿತು. ಆದುದರಿಂದ ಯಾವ ಸೇವೆ ಏಳುತ್ತದೆಂದು ತಿಳಿದರೆ ಸಾಲದು. ಅದರ ಸಂಗಡ ಯಾರು ಏಳುತ್ತಾರೆಂಬುದೂ ತಿಳಿಯಬೇಕು.

ಏಳನೆಯ ಆವೃತ್ತಿಯ ಪಾಲಕನು ಒಂದು ಪುಟವನ್ನು ಓದಿ ತನ್ನ ಯಂತ್ರವನ್ನು ಅರಿಯುತ್ತಿದ್ದನು. ಆ ಪುಟವು ಮತ್ತೆ ಬರಲಾರದು. ಇಂದಿನ ಯಂತ್ರದ ಕೆಲಸಗಳು ಅದರಲ್ಲಿ ಹಿಡಿಸವು. ಆದರೆ ಸಕ್ರಿಯವಾದ ಸೇವೆಗಳ ಪಟ್ಟಿಯನ್ನು ತೆಗೆದು, ಒಂದೊಂದರ ಎದುರಿಗೂ ‘ಇದು ಏಕೆ ಬೇಕು?’ ಎಂದು ಕೇಳುವ ಅಭ್ಯಾಸಕ್ಕೆ ಯಾವ ಹೊಸ ಸಾಧನವೂ ಬೇಕಾಗಿಲ್ಲ. ಉತ್ತರ ದೊರೆಯದ ಸೇವೆಯನ್ನು ವಿಚಾರಿಸಿ ನಿಲ್ಲಿಸುವುದೇ, ಕೈಜಾರಿದ ನಿರ್ಣಯಾಧಿಕಾರವನ್ನು ಮರಳಿ ಪಡೆಯುವ ಮೊದಲ ಹೆಜ್ಜೆ.