ಬೆಲೆಯಿಲ್ಲದ ವಿದ್ಯುತ್ತೂ ಅನರ್ಥದಂಡ ವ್ರತವೂ

ಶ್ರಾವಕನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವ್ರತವೂ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯುವುದು ಇದರ ತಾತ್ಪರ್ಯ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು ಮುಂತಾದವನ್ನು ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಉರಿಸಿದ ಬೆಂಕಿಗೆ ತೆತ್ತ ಹಣವೆಷ್ಟು ಎಂಬ ಪ್ರಶ್ನೆ ಅಲ್ಲಿಲ್ಲ. ಅದು ಬೇಕಾಗಿತ್ತೇ ಎಂಬುದೊಂದೇ ಪ್ರಶ್ನೆ. ಮನೆಯ ಇಂಧನದ ಇತಿಹಾಸವನ್ನು ನೋಡಿದರೆ ಈ ಭೇದದ ಮಹತ್ವ ತಿಳಿಯುತ್ತದೆ.

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ವೇದಾವತಿ ನದಿಯ ತೀರದ ಊರಾದರೂ ಮಳೆ ಕಡಿಮೆಯಾದ ಬಯಲುಸೀಮೆಗೆ ಸೇರಿದ್ದು. ಇಂತಹ ನಾಡಿನಲ್ಲಿ ಸೌದೆ ಎಂದೂ ಹಗುರವಾದ ವಸ್ತುವಾಗಿರಲಿಲ್ಲ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಶಾಖ ಪಾತ್ರೆಗೆ ತಾಗದೆ ಹೊರಗೆ ಹೋಗುತ್ತಿತ್ತು. ಹೊಗೆ ಮಾತ್ರ ಅಡಿಗೆಮನೆಯಲ್ಲೇ ಉಳಿಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇದಕ್ಕೆ ಪರಿಹಾರವನ್ನು ಹುಡುಕಿತು. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯಲ್ಲಿ ಉರಿಗೂಡು ಮುಚ್ಚಿರುತ್ತದೆ, ಜಾಲರಿಯ ಕೆಳಗಿನಿಂದ ಗಾಳಿ ಬರುತ್ತದೆ, ಬಿಸಿಗಾಳಿ ಒಂದಾದ ಮೇಲೊಂದರಂತೆ ಮೂರು ಪಾತ್ರೆಗಳನ್ನು ಕಾಯಿಸಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಆದರೆ ಸೌದೆಯನ್ನು ಸಣ್ಣದಾಗಿ ಸೀಳದೆ, ಕೊಳವೆಯ ಮಸಿ ತೆಗೆಯದೆ, ಒಂದೇ ಪಾತ್ರೆಯಿಟ್ಟು ಉರಿಸಿದರೆ ಆ ಒಲೆಯ ಪ್ರಯೋಜನ ದೊರೆಯದು. ಸಾಧನ ಎಷ್ಟೇ ಉತ್ತಮವಾಗಿರಲಿ, ಉಳಿತಾಯವು ಬಳಸುವವರ ರೂಢಿಯನ್ನು ಅವಲಂಬಿಸಿರುತ್ತದೆ.

ವಿದ್ಯುತ್ತಿನ ಕಥೆಯೂ ಇದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಮುಂದೆ ಹಲವು ದಶಕಗಳ ಕಾಲ ರಾಜ್ಯವು ಬಹುಮಟ್ಟಿಗೆ ಜಲವಿದ್ಯುತ್ತನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಮನೆಯ ದೀಪವೂ ಆರುತ್ತಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿದಾಗ ಕಲ್ಲಿದ್ದಲಿನ ಬೆಂಕಿ ಆ ಕೊರತೆಯನ್ನು ತುಂಬತೊಡಗಿತು. ಇಂತಹ ಕೇಂದ್ರಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ. ಒಲೆ ಕಣ್ಣಿಗೆ ಕಾಣದಷ್ಟು ದೂರ ಹೋಯಿತೇ ಹೊರತು ಬೆಂಕಿ ನಿಲ್ಲಲಿಲ್ಲ.

ನೆರೆಯ ಪಾವಗಡ ತಾಲ್ಲೂಕಿನಲ್ಲಿ 2018ರಿಂದ ಬೃಹತ್ ಸೌರ ಉದ್ಯಾನ ವಿದ್ಯುತ್ತು ನೀಡುತ್ತಿದೆ. ಅದು ಬಿಸಿಲಿರುವಾಗ ಮಾತ್ರ ದೊರೆಯುವ ಸಂಪತ್ತು. ಸಂಜೆಯ ದೀಪಕ್ಕೆ ಇಂದಿಗೂ ನೀರು, ಕಲ್ಲಿದ್ದಲುಗಳ ಆಸರೆ ಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ 200 ಯೂನಿಟ್ಟುಗಳ ಮೇರೆಯೊಳಗೆ ಮನೆಬಳಕೆಯ ವಿದ್ಯುತ್ತನ್ನು ಉಚಿತವಾಗಿಸಿತು. ಬಡ ಮನೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಬಿಲ್ಲಿನ ಭಯದಿಂದ ಮಾತ್ರ ಸ್ವಿಚ್ಚು ಆರಿಸುತ್ತಿದ್ದವನಿಗೆ ಈಗ ಆರಿಸಲು ಕಾರಣವೇ ಉಳಿಯಲಿಲ್ಲ. ಹಣದ ಉಳಿತಾಯ ಬೆಲೆಯೊಡನೆ ಬಂದು ಬೆಲೆಯೊಡನೆ ಹೋಗುತ್ತದೆ. ವ್ರತದ ಸಂಯಮಕ್ಕೆ ಬೆಲೆಯ ಹಂಗಿಲ್ಲ.

ಲೆಕ್ಕವೂ ಸರಳವಾಗಿದೆ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು; 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಆಗದು. ಆದರೆ ದೀಪ ಅಗ್ಗವಾಯಿತೆಂದು ಒಂದರ ಸ್ಥಾನದಲ್ಲಿ ಏಳು ದೀಪಗಳನ್ನಿಟ್ಟರೆ ಲಾಭವೆಲ್ಲ ಕರಗಿಹೋಗುತ್ತದೆ. ಬೇಳೆಯನ್ನು ನೆನೆಹಾಕಿ ಬೇಯಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಕುದಿ ಬಂದೊಡನೆ ಉರಿ ತಗ್ಗಿಸುವುದು, ಮೇಲಿನ ತೊಟ್ಟಿ ತುಂಬಿ ಹರಿಯುವ ಮುನ್ನ ಪಂಪನ್ನು ನಿಲ್ಲಿಸುವುದು, ಕೊಠಡಿಯಿಂದ ಹೊರಡುವಾಗ ಫ್ಯಾನು ಆರಿಸುವುದು, ಇವು ಯಾವ ಮನೆಗೂ ಕಷ್ಟವಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮವನ್ನು ಹಿರಿಯರು ಜೀವದಯೆಗಾಗಿ ಪಾಲಿಸಿದರು. ಅಡಿಗೆಮನೆಯ ಕೆಲಸ ಹಗಲಿನ ಬೆಳಕಿನಲ್ಲೇ ಮುಗಿಯುವುದು ಅದರ ಇನ್ನೊಂದು ಫಲ.

ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ವಿಚಾರಿಸಬೇಕು. ಪೂಜೆಗೆ ಬೇಕಾದ ದೀಪ ಅರ್ಥವುಳ್ಳದ್ದು. ಯಾರೂ ಇಲ್ಲದ ಪ್ರಾಕಾರದಲ್ಲಿ ಇರುಳೆಲ್ಲ ಉರಿಯುವ ಅಲಂಕಾರದ ದೀಪಗಳಿಗೆ ಏನು ಅರ್ಥ? ಅವುಗಳ ಬಿಲ್ಲನ್ನು ದಾನಿಯೊಬ್ಬರು ತುಂಬಿದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಮಂಡಿಸುವಾಗ ತೆತ್ತ ರೂಪಾಯಿಗಳ ಪಕ್ಕದಲ್ಲಿ ಬಳಸಿದ ಯೂನಿಟ್ಟುಗಳನ್ನೂ ಬರೆದು ಸದಸ್ಯರ ಮುಂದಿಡುವುದು ಯೋಗ್ಯವಾದ ಪ್ರಾರಂಭವಾದೀತು.